ಪ್ರವಾಸದಲ್ಲಿ ತೆಗೆದ ಫೋಟೊಗಳನ್ನು ಕಾಪಾಡಿಕೊಳ್ಳುವುದು ಹೇಗೆ? ಹೊರಡುವ ಮುನ್ನದಿಂದ ಮನೆ ತಲುಪುವವರೆಗಿನ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿದ್ದಾಗ ಕ್ಯಾಮೆರಾ ಕಪಾಟಿನಲ್ಲಿರುತ್ತದೆ, ಕಂಪ್ಯೂಟರ್ ಮೇಜಿನ ಮೇಲಿರುತ್ತದೆ, ಹಾರ್ಡ್ ಡಿಸ್ಕ್ ಯಾವುದೋ ಡ್ರಾಯರಿನಲ್ಲಿರುತ್ತದೆ. ಒಂದಕ್ಕೆ ಏನಾದರೂ ಆದರೆ ಇನ್ನೊಂದು ಉಳಿಯುತ್ತದೆ. ಪ್ರವಾಸ ಹೊರಟ ಕ್ಷಣದಿಂದ ಈ ಅಂತರ ಇಲ್ಲವಾಗುತ್ತದೆ. ಕ್ಯಾಮೆರಾ, ಲ್ಯಾಪ್‌ಟಾಪ್, ಮೆಮೊರಿ ಕಾರ್ಡ್, ಡಿಸ್ಕ್ ಎಲ್ಲವೂ ಒಂದೇ ಚೀಲ ಸೇರುತ್ತವೆ. ಆ ಚೀಲವನ್ನು ಬಸ್ಸಿನಲ್ಲಿ ಮರೆತರೆ, ಅದು ನೀರಿಗೆ ಬಿದ್ದರೆ, ಯಾರಾದರೂ ಎತ್ತಿಕೊಂಡು ಹೋದರೆ, ಒಳಗೆ ಮೂರು ಪ್ರತಿಗಳಿದ್ದವೋ ಮೂವತ್ತೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಎಷ್ಟು ಪ್ರತಿಗಳಿವೆ ಎಂದು ಎಣಿಸುವುದಕ್ಕಿಂತ, ಒಂದೇ ಅವಘಡಕ್ಕೆ ಅವುಗಳಲ್ಲಿ ಎಷ್ಟು ಬಲಿಯಾಗುತ್ತವೆ ಎಂದು ಕೇಳಿಕೊಳ್ಳುವುದು ಮುಖ್ಯ. ಮುಂದೆ ಹೇಳುವ ಎಲ್ಲ ಸಲಹೆಗಳೂ ಈ ಒಂದು ಪ್ರಶ್ನೆಯಿಂದ ಹುಟ್ಟಿದವು.

ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರ ನಿಮಗೆ ಗೊತ್ತಿರಬಹುದು: ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಜಾಗದಲ್ಲಿ. ದಾರಿಯಲ್ಲಿರುವವರಿಗೆ ಇದರ ಅರ್ಥ ಹೀಗೆ: ಕಾರ್ಡ್‌ನಲ್ಲಿರುವ ಮೂಲ ಫೋಟೊ ಒಂದು, ಜೇಬಿಗೆ ಹಿಡಿಸುವ ಡಿಸ್ಕಿನ ಪ್ರತಿ ಇನ್ನೊಂದು, ಕ್ಲೌಡ್‌ನಲ್ಲಿ (ಇಂಟರ್ನೆಟ್ ಮೂಲಕ ಬಳಸುವ ಸಂಗ್ರಹದಲ್ಲಿ) ಅಥವಾ ಜೊತೆಗೆ ಬಂದವರ ಚೀಲದಲ್ಲಿ ಇರುವುದು ಮೂರನೆಯದು. ಈ ಮೂರರಲ್ಲಿ ‘ಬೇರೆ ಜಾಗ’ ಎಂಬ ಭಾಗವೇ ಪ್ರವಾಸದಲ್ಲಿ ಕಷ್ಟದ್ದು. ಹಾಗಾಗಿಯೇ ಜನ ಅದನ್ನು ಕೈಬಿಡುತ್ತಾರೆ.

ಹೊರಡುವ ಮುನ್ನ ಒಂದಿಷ್ಟು ಲೆಕ್ಕ

ಎಷ್ಟು ಜಾಗ ಬೇಕು ಎಂಬುದನ್ನು ಅಂದಾಜಿಗೆ ಬಿಡಬೇಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ದತ್ತಾಂಶ) ಸಾಮಾನ್ಯವಾಗಿ 25ರಿಂದ 50 ಎಂಬಿ ತೂಗುತ್ತದೆ. ಅದೇ ಚಿತ್ರದ ಉತ್ತಮ ಗುಣಮಟ್ಟದ ಜೆಪೆಗ್ (ಕುಗ್ಗಿಸಿ ಉಳಿಸಿದ ಸಾಮಾನ್ಯ ಫೋಟೊ ಫೈಲ್) ಸುಮಾರು 10 ಎಂಬಿ. ದಿನಕ್ಕೆ 400 ಚಿತ್ರಗಳನ್ನು 30 ಎಂಬಿಯ ರಾ ರೂಪದಲ್ಲಿ ತೆಗೆದರೆ 12 ಜಿಬಿ, ಹತ್ತು ದಿನಕ್ಕೆ 120 ಜಿಬಿ. ಇಷ್ಟಾದರೆ ನಿಭಾಯಿಸಬಹುದು. ಲೆಕ್ಕ ಕೆಡಿಸುವುದು ವಿಡಿಯೊ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ದಾಖಲಾಗುವ 4ಕೆ ವಿಡಿಯೊ ನಿಮಿಷಕ್ಕೆ 750 ಎಂಬಿ, ಗಂಟೆಗೆ 45 ಜಿಬಿ ನುಂಗುತ್ತದೆ. ನೀವು ವಿಡಿಯೊ ತೆಗೆಯುವವರಾದರೆ ಡಿಸ್ಕಿನ ಗಾತ್ರವನ್ನು ಫೋಟೊ ನೋಡಿ ನಿರ್ಧರಿಸಬೇಡಿ.

ಕಾರ್ಡ್‌ಗಳ ವಿಷಯದಲ್ಲಿ ಎರಡು ಪಂಥಗಳಿವೆ. ಒಂದೇ ದೊಡ್ಡ ಕಾರ್ಡ್ ಹಾಕಿ ಪ್ರವಾಸ ಮುಗಿಯುವವರೆಗೂ ತೆಗೆಯಬಾರದು, ಬದಲಿಸುವಾಗಲೇ ಕಾರ್ಡ್ ಬಿದ್ದುಹೋಗುವುದು ಎನ್ನುವವರು ಒಂದು ಕಡೆ. ಚಿಕ್ಕ ಕಾರ್ಡ್‌ಗಳು ಹಲವಿದ್ದರೆ ಒಂದು ಹೋದರೂ ಉಳಿದ ದಿನಗಳ ಚಿತ್ರಗಳು ಉಳಿಯುತ್ತವೆ ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯವರ ಪಕ್ಷ, ಆದರೆ ಅತಿಗೆ ಹೋಗದೆ: ಎರಡು ಮೂರು ದಿನಕ್ಕೊಂದು ಎಂಬಂತೆ 64 ಅಥವಾ 128 ಜಿಬಿಯ ಕೆಲವು ಕಾರ್ಡ್‌ಗಳು ಸಾಕು. ಪ್ರವಾಸದ ನಡುವೆ ಒಂದನ್ನೂ ಅಳಿಸದೆ ಮುಗಿಸುವಷ್ಟು ಕಾರ್ಡ್‌ಗಳಿದ್ದರೆ ಅತ್ಯುತ್ತಮ. ಅಳಿಸದ ಕಾರ್ಡ್ ತಾನೇ ಒಂದು ಪೂರ್ಣ ಪ್ರತಿ. ಹೆಚ್ಚುವರಿ ಕಾರ್ಡ್‌ಗೆ ಕೊಡುವ ಹಣ ಈ ಇಡೀ ವ್ಯವಸ್ಥೆಯಲ್ಲೇ ಅತ್ಯಂತ ಸಾರ್ಥಕವಾದ ಖರ್ಚು ಎಂದು ನಾನು ನಂಬಿದ್ದೇನೆ.

ಹೊಸ ಕಾರ್ಡ್ ಕೊಂಡೊಡನೆ ಪರೀಕ್ಷಿಸಿ. ಚಿಕ್ಕ ಕಾರ್ಡ್ ಅನ್ನು ದೊಡ್ಡದೆಂದು ತೋರಿಸುವ ನಕಲಿ ಮಾಲು ಮಾರುಕಟ್ಟೆಯಲ್ಲಿದೆ. ಅಂಥ ಕಾರ್ಡ್ ತುಂಬುವವರೆಗೂ ಚೆನ್ನಾಗಿ ನಡೆಯುವಂತೆ ಕಾಣುತ್ತದೆ. ನಿಜವಾದ ಸಾಮರ್ಥ್ಯ ದಾಟಿದ ಮೇಲೆ ತೆಗೆದ ಚಿತ್ರಗಳು ಎಲ್ಲೂ ಉಳಿಯುವುದಿಲ್ಲ, ಕೆಲವೊಮ್ಮೆ ಹಳೆಯವೂ ಅಳಿಯುತ್ತವೆ. ವಿಂಡೋಸ್‌ನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯೂ’, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ‘ಎಫ್3’ ಎಂಬ ಉಚಿತ ತಂತ್ರಾಂಶಗಳು ಕಾರ್ಡ್ ಅನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ, ನಿಜ ಹೇಳುತ್ತವೆ.

ಇನ್ನು ಬಹಳ ಮಂದಿ ಮಾಡದ, ಆದರೆ ಮಾಡಲೇಬೇಕಾದ ಒಂದು ಕೆಲಸವಿದೆ. ಕಾಗದದ ಮೇಲೆ ನಿಮ್ಮ ಹೆಸರು, ಇಮೇಲ್ ವಿಳಾಸ, ಜೊತೆಗೆ ನಿಮ್ಮೊಂದಿಗೆ ಪ್ರವಾಸಕ್ಕೆ ಬರದ ಯಾರಾದರೊಬ್ಬರ ದೂರವಾಣಿ ಸಂಖ್ಯೆಯನ್ನು ದೊಡ್ಡದಾಗಿ ಬರೆದು, ಪ್ರತಿ ಕಾರ್ಡ್‌ನ ಮೊದಲ ಫೋಟೊವಾಗಿ ಅದನ್ನು ತೆಗೆಯಿರಿ. ಕ್ಯಾಮೆರಾ ಕಳೆದುಹೋಗಿ ಸಜ್ಜನರ ಕೈಗೆ ಸಿಕ್ಕರೆ ಅವರು ಮೊದಲು ಮಾಡುವುದೇ ಒಳಗಿರುವ ಚಿತ್ರಗಳನ್ನು ನೋಡುವುದು. ಯಾರಿಗೆ ಮರಳಿಸಬೇಕೆಂದು ಅವರಿಗೆ ತಿಳಿಯಬೇಕಲ್ಲವೇ?

ಕ್ಯಾಮೆರಾದ ಗಡಿಯಾರವನ್ನು ಹೋಗುವ ಊರಿನ ಸಮಯಕ್ಕೆ ಹೊಂದಿಸಿ. ಎರಡು ಕ್ಯಾಮೆರಾ ಇದ್ದರೆ ಎರಡನ್ನೂ. ನಂತರ ಚಿತ್ರಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವಾಗ ಇದರ ಬೆಲೆ ತಿಳಿಯುತ್ತದೆ.

ಯಾವ ಡಿಸ್ಕ್, ಯಾವ ಕೇಬಲ್

ಹಾರ್ಡ್ ಡಿಸ್ಕ್ ಅಗ್ಗ, ಚಿಪ್‌ಗಳಲ್ಲೇ ದತ್ತಾಂಶ ಉಳಿಸುವ ಎಸ್‌ಎಸ್‌ಡಿ ದುಬಾರಿ. ಆದರೂ ಪ್ರಯಾಣಕ್ಕೆ ಎಸ್‌ಎಸ್‌ಡಿಯನ್ನೇ ಒಯ್ಯಿರಿ. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಗಳ ಮೇಲೆ, ಕಣ್ಣಿಗೆ ಕಾಣದಷ್ಟು ತೆಳುವಾದ ಗಾಳಿಯ ಪದರದ ಆಸರೆಯಲ್ಲಿ, ಓದುವ ಮುಳ್ಳು ತೇಲುತ್ತಿರುತ್ತದೆ. ಚಾಲನೆಯಲ್ಲಿರುವಾಗ ಒಂದು ಪೆಟ್ಟು ಬಿದ್ದರೆ ಮುಳ್ಳು ತಟ್ಟೆಗೆ ತಾಗಿ ಗೀರುತ್ತದೆ. ಗಾಳಿ ತೆಳುವಾದ ಎತ್ತರದ ಜಾಗಗಳಲ್ಲೂ ಅದಕ್ಕೆ ತೊಂದರೆ. ಇಂಥ ಡಿಸ್ಕುಗಳನ್ನು ಸಾಮಾನ್ಯವಾಗಿ ಸುಮಾರು 3,000 ಮೀಟರ್ ಎತ್ತರದವರೆಗೆ ಮಾತ್ರ ಚಲಾಯಿಸಬೇಕೆಂದು ತಯಾರಕರು ಹೇಳುತ್ತಾರೆ. ಪರ್ವತ ಪ್ರವಾಸಕ್ಕೆ ಹೋಗುವವರು ಇದನ್ನು ಗಮನಿಸಲೇಬೇಕು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ, ಆದ್ದರಿಂದ ಈ ಎರಡೂ ಭಯಗಳಿಲ್ಲ.

ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಕ್ರಮಗಳು ಹಲವಿವೆ, ನೀವು ಎಕ್ಸ್‌ಫ್ಯಾಟ್ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಅನ್ನು ಮ್ಯಾಕ್ ಓದುತ್ತದೆಯೇ ಹೊರತು ಬರೆಯುವುದಿಲ್ಲ. ಮ್ಯಾಕ್‌ನ ಎಪಿಎಫ್‌ಎಸ್ ಅನ್ನು ವಿಂಡೋಸ್ ಗುರುತಿಸುವುದೇ ಇಲ್ಲ. ಹಳೆಯ ಫ್ಯಾಟ್32 ಎಲ್ಲೆಡೆ ನಡೆಯುತ್ತದೆ, ಆದರೆ 4 ಜಿಬಿಗಿಂತ ದೊಡ್ಡ ಫೈಲನ್ನು ಅದು ಸ್ವೀಕರಿಸುವುದಿಲ್ಲ, ಉದ್ದದ ವಿಡಿಯೊ ಅಲ್ಲೇ ನಿಲ್ಲುತ್ತದೆ. ಎಕ್ಸ್‌ಫ್ಯಾಟ್ ವಿಂಡೋಸ್, ಮ್ಯಾಕ್, ಐಫೋನ್ ಮತ್ತು ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ನಡೆಯುತ್ತದೆ. ನಿಮ್ಮ ಲ್ಯಾಪ್‌ಟಾಪ್ ಕೈಕೊಟ್ಟು ಬೇರೆಯವರದ್ದನ್ನು ಬಳಸಬೇಕಾದಾಗ ಈ ಗುಣ ಕೈಹಿಡಿಯುತ್ತದೆ. ಇದಕ್ಕೊಂದು ದೌರ್ಬಲ್ಯವೂ ಉಂಟು. ಬರೆಯುವ ನಡುವೆ ಕೇಬಲ್ ಕಿತ್ತರೆ ಫೋಲ್ಡರಿನ ಪಟ್ಟಿಯೇ ಕೆಡಬಹುದು, ಚೇತರಿಸಿಕೊಳ್ಳಲು ಬೇಕಾದ ಬದಲಾವಣೆಗಳ ದಾಖಲೆಯನ್ನು (ಜರ್ನಲ್) ಅದು ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಪ್ರತಿ ಬಾರಿಯೂ ‘ಇಜೆಕ್ಟ್’ ಒತ್ತಿದ ಮೇಲೆಯೇ ಡಿಸ್ಕ್ ತೆಗೆಯಿರಿ.

ಕೇಬಲ್ ಬಗ್ಗೆಯೂ ಒಂದು ಮಾತು. ಚಾರ್ಜರ್ ಜೊತೆ ಬರುವ ಎಷ್ಟೋ ಯುಎಸ್‌ಬಿ-ಸಿ ಕೇಬಲ್‌ಗಳು ನೋಡಲು ಹೊಸದಾದರೂ ಒಳಗೆ ಯುಎಸ್‌ಬಿ 2.0 ವೇಗದವು, ಅಂದರೆ ಸೆಕೆಂಡಿಗೆ 480 ಮೆಗಾಬಿಟ್. ವಾಸ್ತವದಲ್ಲಿ ಸಿಗುವುದು ಸೆಕೆಂಡಿಗೆ 35 ಎಂಬಿ ಆಸುಪಾಸು. ತುಂಬಿದ 64 ಜಿಬಿ ಕಾರ್ಡ್ ನಕಲಾಗಲು ಅರ್ಧ ಗಂಟೆ ಬೇಕು. ಯುಎಸ್‌ಬಿ 3 ಕೇಬಲ್ ಮತ್ತು ಅದೇ ದರ್ಜೆಯ ಕಾರ್ಡ್ ರೀಡರ್ ಇದ್ದರೆ ಸಾಧಾರಣ ಕಾರ್ಡ್ ಕೂಡ ಹನ್ನೆರಡು ನಿಮಿಷದ ಸುಮಾರಿಗೆ ಖಾಲಿಯಾಗುತ್ತದೆ. ದಿನವಿಡೀ ನಡೆದು ದಣಿದ ರಾತ್ರಿ ಈ ವ್ಯತ್ಯಾಸವೇ ಬ್ಯಾಕಪ್ ಆಗುವುದಕ್ಕೂ ‘ನಾಳೆ ಮಾಡೋಣ’ ಎನ್ನುವುದಕ್ಕೂ ನಡುವಿನ ಗೆರೆ.

ಎಲ್ಲ ಸಾಮಾನು ಕೈಸೇರಿದ ಮೇಲೆ ಮನೆಯಲ್ಲೇ ಒಮ್ಮೆ ಪೂರ್ತಿ ತಾಲೀಮು ಮಾಡಿ. ಕೆಲವು ಫೋಟೊ ತೆಗೆದು, ನಕಲಿಸಿ, ಕಾರ್ಡ್ ಹೊರತೆಗೆದು, ಡಿಸ್ಕಿನಿಂದ ಚಿತ್ರ ತೆರೆದು ನೋಡಿ. ಯಾವ ಅಡಾಪ್ಟರ್ ಬೇಕಿತ್ತು, ಯಾವುದು ಹೊಂದಲಿಲ್ಲ ಎಂಬುದು ಆಗ ಗೊತ್ತಾಗಬೇಕು, ದೂರದ ವಸತಿಗೃಹದಲ್ಲಲ್ಲ.

ಪ್ರತಿ ರಾತ್ರಿಯ ಕೆಲಸ

ಇದು ಇಡೀ ವಿಷಯದ ಹೃದಯಭಾಗ. ದಿನದ ಕೊನೆಗೆ, ಕ್ಯಾಮೆರಾ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕುವ ಹೊತ್ತಿನಲ್ಲೇ, ಇದನ್ನು ಮಾಡಿ. ಆ ಎರಡು ಕೆಲಸಗಳು ಒಂದಕ್ಕೊಂದು ಅಂಟಿಕೊಂಡರೆ ಮರೆವಿಗೆ ಜಾಗವಿರುವುದಿಲ್ಲ.

ಮೊದಲ ಹೆಜ್ಜೆ: ಡಿಸ್ಕಿನಲ್ಲಿ ಆ ದಿನದ ಹೆಸರಿನ ಫೋಲ್ಡರ್ ತೆರೆಯಿರಿ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದು, ಕೊನೆಗೆ ಸ್ಥಳದ ಹೆಸರು ಮತ್ತು ಕಾರ್ಡ್‌ನ ಗುರುತು ಸೇರಿಸಿ. ವರ್ಷ ಮೊದಲು ಬಂದರೆ ಫೋಲ್ಡರ್‌ಗಳು ತಾವಾಗಿ ಸರಿಯಾದ ಸಾಲಿನಲ್ಲಿ ನಿಲ್ಲುತ್ತವೆ. ಕಾರ್ಡ್‌ಗಳ ಮೇಲೆ 1, 2, 3 ಎಂದು ಮೊದಲೇ ಗುರುತು ಹಾಕಿಟ್ಟಿದ್ದರೆ ಈ ಕೆಲಸ ಸುಲಭ.

ಫೋಲ್ಡರ್ ಬೇರೆ ಬೇರೆ ಯಾಕೆ ಬೇಕೆಂದರೆ, ಕ್ಯಾಮೆರಾಗಳು ಫೈಲಿಗೆ ಕೊಡುವ ಹೆಸರಿನಲ್ಲಿ ನಾಲ್ಕು ಅಂಕಿಗಳಿಗೆ ಮಾತ್ರ ಜಾಗವಿದೆ. 9999 ಮುಗಿದೊಡನೆ ಎಣಿಕೆ 0001ಕ್ಕೆ ಮರಳುತ್ತದೆ. ಒಂದೇ ಕಂಪನಿಯ ಎರಡು ಕ್ಯಾಮೆರಾಗಳು ಒಂದೇ ಹೆಸರಿನ ಫೈಲ್‌ಗಳನ್ನು ಸೃಷ್ಟಿಸುವುದೂ ಸಾಮಾನ್ಯ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದರೆ, ಈ ಹೆಸರಿನ ಫೈಲ್ ಈಗಾಗಲೇ ಇದೆ, ಬದಲಿಸಬೇಕೇ ಎಂದು ಕಂಪ್ಯೂಟರ್ ಕೇಳುತ್ತದೆ. ನಿದ್ದೆಗಣ್ಣಿನಲ್ಲಿ ‘ಹೌದು’ ಒತ್ತಿದರೆ ಹಳೆಯ ಚಿತ್ರ ಹೋಯಿತು. ಪ್ರವಾಸದ ಅವಧಿಯಲ್ಲಿ ಇಂಥ ಪ್ರಶ್ನೆಗೆ ಯಾವಾಗಲೂ ‘ಬೇಡ’ ಎಂದೇ ಉತ್ತರಿಸಿ, ಕಾರಣ ಹುಡುಕಿ.

ಎರಡನೆಯದು: ನಕಲಿಸಿ, ಸ್ಥಳಾಂತರಿಸಬೇಡಿ. ‘ಕಟ್’ ಎಂಬ ಆಜ್ಞೆ ಒಂದು ಕಡೆ ಅಳಿಸಿ ಇನ್ನೊಂದು ಕಡೆ ಇಡುತ್ತದೆ. ಕೊನೆಗೆ ಉಳಿಯುವುದು ಒಂದೇ ಪ್ರತಿ, ಅಂದರೆ ಬ್ಯಾಕಪ್ ಆಗಲೇ ಇಲ್ಲ. ಆಯ್ದ ಚಿತ್ರಗಳನ್ನಷ್ಟೇ ತೆಗೆದುಕೊಳ್ಳುವ ಆಸೆಯನ್ನೂ ತಡೆಯಿರಿ. ಕಾರ್ಡ್‌ನೊಳಗಿನ ‘ಡಿಸಿಐಎಂ’ ಫೋಲ್ಡರನ್ನು ಇಡಿಯಾಗಿ ನಕಲಿಸಿ. ಕೆಲವು ಕ್ಯಾಮೆರಾಗಳು ವಿಡಿಯೊಗಳನ್ನು ಬೇರೆ ಫೋಲ್ಡರಿನಲ್ಲಿ ಇಡುತ್ತವೆ, ಅದನ್ನೂ ಬಿಡಬೇಡಿ. ಯಾವುದು ಚೆಂದ, ಯಾವುದು ಬೇಡ ಎಂಬ ತೀರ್ಮಾನ ಊರಿಗೆ ಮರಳಿದ ಮೇಲೆ ದೊಡ್ಡ ಪರದೆಯ ಮುಂದೆ ಆಗಲಿ.

ಮೂರನೆಯದು: ಪರೀಕ್ಷೆ. ನಕಲು ಮುಗಿಯಿತು ಎಂಬ ಸಂದೇಶವನ್ನು ನಂಬಿ ಮಲಗುವವರೇ ಹೆಚ್ಚು. ಕನಿಷ್ಠ ಎರಡನ್ನು ನೋಡಿ: ಕಾರ್ಡ್‌ನಲ್ಲಿರುವ ಫೈಲ್‌ಗಳ ಸಂಖ್ಯೆ ಮತ್ತು ಒಟ್ಟು ಬೈಟ್‌ಗಳು ಡಿಸ್ಕಿನಲ್ಲಿರುವುದಕ್ಕೆ ಹೊಂದುತ್ತವೆಯೇ? ಕಾರ್ಡ್ ತೆಗೆದಿಟ್ಟ ಮೇಲೆ ಡಿಸ್ಕಿನಿಂದಲೇ ಮೊದಲ, ನಡುವಿನ, ಕೊನೆಯ ಕೆಲವು ಚಿತ್ರಗಳು ಪೂರ್ಣ ಗಾತ್ರದಲ್ಲಿ ತೆರೆಯುತ್ತವೆಯೇ? ಚಿಕ್ಕ ಥಂಬ್‌ನೇಲ್ ಕಂಡರೆ ಸಾಲದು. ರಾ ಫೈಲಿನೊಳಗೆ ಪುಟ್ಟ ಪೂರ್ವನೋಟವೊಂದು ಪ್ರತ್ಯೇಕವಾಗಿ ಇರುತ್ತದೆ, ಚಿತ್ರದ ಉಳಿದ ಭಾಗ ಹಾಳಾಗಿದ್ದರೂ ಅದು ಚೆನ್ನಾಗಿಯೇ ಕಾಣಬಹುದು. ಇನ್ನೂ ಗಟ್ಟಿಯಾದ ಭರವಸೆ ಬೇಕಾದರೆ ವಿಂಡೋಸ್‌ನ ಟೆರಾಕಾಪಿಯಲ್ಲಿ ಪರಿಶೀಲನೆಯ ಆಯ್ಕೆಯನ್ನು ಚಾಲೂ ಮಾಡಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುವ ಫ್ರೀಫೈಲ್‌ಸಿಂಕ್‌ನಲ್ಲಿ ಫೈಲಿನ ಒಳಹೂರಣವನ್ನೇ ಹೋಲಿಸಿ ನೋಡುವ ಸೌಲಭ್ಯವಿದೆ. ಸಮಯ ತುಸು ಹೆಚ್ಚು ಹಿಡಿಯುತ್ತದೆ, ಆದರೆ ಆಗ ನಿಮಗೆ ಸಿಗುವುದು ಊಹೆಯಲ್ಲ, ಖಾತರಿ.

ನಾಲ್ಕನೆಯದು: ಇಜೆಕ್ಟ್ ಮಾಡಿ, ಡಿಸ್ಕ್ ಮತ್ತು ಕಾರ್ಡ್ ಬೇರೆ ಬೇರೆ ಕಡೆ ಇಡಿ. ಇದನ್ನು ಆ ರಾತ್ರಿಯೇ ಮಾಡಿ. ಎರಡೂ ಒಂದೇ ಮೇಜಿನ ಮೇಲೆ ಮಲಗಿದರೆ ಮೇಲಿನ ಶ್ರಮದ ಅರ್ಧ ವ್ಯರ್ಥ.

ನಿಮ್ಮ ಕ್ಯಾಮೆರಾದಲ್ಲಿ ಎರಡು ಕಾರ್ಡ್‌ಗಳಿಗೆ ಜಾಗವಿದ್ದರೆ, ಎರಡರಲ್ಲೂ ಏಕಕಾಲಕ್ಕೆ ದಾಖಲಾಗುವ ಆಯ್ಕೆಯನ್ನು ಆರಿಸಿಕೊಳ್ಳಿ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುವ ಆಯ್ಕೆಯೂ ಅಲ್ಲೇ ಇರುತ್ತದೆ, ಮೆನುವಿನಲ್ಲಿ ಯಾವುದು ಚಾಲೂ ಇದೆ ಎಂದು ಕಣ್ಣಾರೆ ನೋಡಿ. ಜೋಡಿ ದಾಖಲೆ ಕಾರ್ಡ್ ಕೆಡುವುದರಿಂದ ರಕ್ಷಿಸುತ್ತದೆ, ಕ್ಯಾಮೆರಾ ಕಳವಿನಿಂದಲ್ಲ. ಹಾಗಾಗಿ ರಾತ್ರಿ ಒಂದು ಕಾರ್ಡ್ ಹೊರಬರಲಿ, ಅದರ ಜಾಗಕ್ಕೆ ಖಾಲಿಯದು ಹೋಗಲಿ.

ಲ್ಯಾಪ್‌ಟಾಪ್ ಒಯ್ಯದವರಿಗೆ

ಲ್ಯಾಪ್‌ಟಾಪ್ ಇಲ್ಲದೆಯೂ ಇದೆಲ್ಲ ಸಾಧ್ಯ, ಹಗುರವಾಗಿ ತಿರುಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ಐಫೋನ್‌ನ ‘ಫೈಲ್ಸ್’ ಆ್ಯಪ್ 2019ರಲ್ಲಿ ಬಂದ ಐಒಎಸ್ 13ರಿಂದ ಹೊರಗಿನ ಡಿಸ್ಕ್‌ಗಳನ್ನು ಓದುತ್ತದೆ, ಬರೆಯುತ್ತದೆ. ಆಂಡ್ರಾಯ್ಡ್‌ನಲ್ಲಿ ಒಟಿಜಿ (ಹೊರಗಿನ ಯುಎಸ್‌ಬಿ ಸಾಧನಗಳನ್ನು ಫೋನಿಗೆ ಸಿಕ್ಕಿಸುವ ಸೌಲಭ್ಯ) ಬೆಂಬಲವಿರುವ ಫೋನ್ ಸಾಕು. ಬೇಕಾಗುವುದು ಒಂದು ಚಿಕ್ಕ ಯುಎಸ್‌ಬಿ ಹಬ್. ಅದಕ್ಕೆ ಕಾರ್ಡ್ ರೀಡರ್ ಮತ್ತು ಎಸ್‌ಎಸ್‌ಡಿ ಎರಡನ್ನೂ ಸಿಕ್ಕಿಸಿ, ಫೋನ್ ನಡುವೆ ನಿಂತು ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಎರಡು ಸಾಧನಗಳಿಗೆ ಬೇಕಾದಷ್ಟು ವಿದ್ಯುತ್ ಕೊಡಲು ಫೋನಿಗೆ ಆಗದಿದ್ದರೆ ನಕಲು ನಡುವೆ ನಿಲ್ಲುತ್ತದೆ, ಆದ್ದರಿಂದ ಚಾರ್ಜರ್ ಅಥವಾ ಪವರ್ ಬ್ಯಾಂಕ್ ಸೇರಿಸಲು ಕಿಂಡಿ ಇರುವ ಹಬ್ ಆರಿಸಿ. ನಕಲು ನಡೆಯುವಾಗ ಪರದೆ ಆರಲು ಬಿಡಬೇಡಿ, ಬೇರೆ ಆ್ಯಪ್‌ಗೆ ಹೋಗಬೇಡಿ.

ಫೋನಿನಲ್ಲೇ ಫೋಟೊ ತೆಗೆಯುವವರ ಸ್ಥಿತಿ ಸ್ವಲ್ಪ ನಾಜೂಕು. ಫೋನೇ ಕ್ಯಾಮೆರಾ, ಫೋನೇ ಸಂಗ್ರಹ, ಕ್ಲೌಡ್ ಖಾತೆಯ ಕೀಲಿಯೂ ಫೋನೇ. ಒಂದು ಕಳವಿನಲ್ಲಿ ಮೂರೂ ಹೋಗುತ್ತವೆ. ಕ್ಲೌಡ್ ಜೊತೆಗೆ ಎರಡು ಮೂರು ದಿನಕ್ಕೊಮ್ಮೆ ಪುಟ್ಟ ಎಸ್‌ಎಸ್‌ಡಿಗೋ ಪೆನ್ ಡ್ರೈವ್‌ಗೋ ಫೋಟೊಗಳನ್ನು ನಕಲಿಸುವ ಅಭ್ಯಾಸ ಇಟ್ಟುಕೊಳ್ಳಿ. ಮನೆಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೇನೆ, ಅದೇ ಬ್ಯಾಕಪ್ ಎಂದು ಸಮಾಧಾನಪಡಬೇಡಿ. ಅಲ್ಲಿ ಫೋಟೊವಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ಸಮಯ ಮತ್ತು ಸ್ಥಳದ ಮಾಹಿತಿ ಉದುರಿಹೋಗುತ್ತದೆ. ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಆಗ ಮೂಲ ಫೈಲ್ ಹಾಗೆಯೇ ತಲುಪುತ್ತದೆ.

ಕ್ಲೌಡ್: ಅದರ ಬಲ, ಅದರ ಬಲೆ

ಚೀಲದೊಡನೆ ಕಳೆದುಹೋಗದ ಪ್ರತಿ ಕ್ಲೌಡ್‌ನದು. ಆದರೆ ಇಂಟರ್ನೆಟ್ ವೇಗದ ಮುಂದೆ ನಮ್ಮ ಆಸೆ ಸೋಲುತ್ತದೆ. 10 ಜಿಬಿಯನ್ನು ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ ಕಳಿಸಲು ಎರಡೂಕಾಲು ಗಂಟೆ ಬೇಕು. ವೇಗ 2 ಮೆಗಾಬಿಟ್‌ಗೆ ಇಳಿದರೆ ಹನ್ನೊಂದು ಗಂಟೆಗೂ ಮಿಕ್ಕಿ. ವಸತಿಗೃಹಗಳ ವೈಫೈನಲ್ಲಿ ಡೌನ್‌ಲೋಡ್ ಚೆನ್ನಾಗಿದ್ದರೂ ಅಪ್‌ಲೋಡ್ ಕುಂಟುವುದು ಸಾಮಾನ್ಯ, ಅಳೆಯುವಾಗ ಅಪ್‌ಲೋಡ್ ಸಂಖ್ಯೆಯನ್ನೇ ನೋಡಿ. ದಿನದ ಎಲ್ಲ ರಾ ಫೈಲ್‌ಗಳನ್ನು ಕಳಿಸಲು ಹೆಣಗಾಡುವ ಬದಲು ಮೂರು ಹಂತ ಮಾಡಿಕೊಳ್ಳಿ. ಮೊದಲು ಮತ್ತೆಂದೂ ಸಿಗದ ಕೆಲವು ಚಿತ್ರಗಳ ರಾ ಫೈಲ್‌ಗಳು. ನಂತರ ಉಳಿದ ಎಲ್ಲವುಗಳ ಜೆಪೆಗ್. ವೇಗ ಚೆನ್ನಾಗಿರುವ ಊರು ಸಿಕ್ಕಾಗ ಮಿಕ್ಕಿದ್ದು. ಕ್ಯಾಮೆರಾವನ್ನು ರಾ ಮತ್ತು ಜೆಪೆಗ್ ಎರಡನ್ನೂ ದಾಖಲಿಸುವಂತೆ ಇಟ್ಟಿದ್ದರೆ ಈ ವಿಂಗಡಣೆಗೆ ಶ್ರಮವೇ ಇಲ್ಲ.

ಜಾಗವನ್ನು ಹೊರಡುವ ಮುನ್ನವೇ ನೋಡಿ. ಗೂಗಲ್ ಖಾತೆಯೊಡನೆ ಉಚಿತವಾಗಿ ಬರುವುದು 15 ಜಿಬಿ, ಅದರಲ್ಲಿ ಜಿಮೇಲ್ ಮತ್ತು ಡ್ರೈವ್ ಪಾಲೂ ಸೇರಿದೆ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ರಂದೇ ಮುಗಿಯಿತು. ಐಕ್ಲೌಡ್‌ನಲ್ಲಿ ಉಚಿತ ಜಾಗ 5 ಜಿಬಿ ಮಾತ್ರ. ಗುಣಮಟ್ಟದ ಆಯ್ಕೆ ‘ಒರಿಜಿನಲ್’ ಆಗಿರಲಿ. ಗೂಗಲ್‌ನ ‘ಸ್ಟೋರೇಜ್ ಸೇವರ್’ 16 ಮೆಗಾಪಿಕ್ಸೆಲ್ ಮೀರಿದ ಚಿತ್ರಗಳನ್ನು ಕುಗ್ಗಿಸುತ್ತದೆ. ಬ್ಯಾಟರಿ ಉಳಿಸುವ ಸ್ಥಿತಿಯಲ್ಲಿ ಅಪ್‌ಲೋಡ್ ನಿಂತುಹೋಗಬಹುದು. ಆದ್ದರಿಂದ ಫೋನನ್ನು ಚಾರ್ಜ್‌ಗೆ ಹಾಕಿ, ಆ್ಯಪ್ ತೆರೆದಿಟ್ಟು, ಎಲ್ಲ ಮುಗಿದಿದೆ ಎಂಬ ಸೂಚನೆ ಕಾಣುವವರೆಗೆ ಗಮನಿಸಿ. ಪರದೇಶದಲ್ಲಿ ರೋಮಿಂಗ್ ಇದ್ದರೆ ಮೊಬೈಲ್ ಡೇಟಾ ಮೂಲಕ ಬ್ಯಾಕಪ್ ಆಗದಂತೆ ಮೊದಲೇ ಬಂದ್ ಮಾಡಿ.

ಈಗ ಬಲೆಯ ಮಾತು. ಫೋನಿನ ಫೋಟೊ ಆ್ಯಪ್‌ಗಳು ಮಾಡುವ ಕೆಲಸ ಬಹುತೇಕ ‘ಸಿಂಕ್’. ಎರಡು ಕಡೆಯನ್ನು ಒಂದೇ ರೀತಿ ಇಡುವುದು ಅದರ ಧರ್ಮ. ಐಕ್ಲೌಡ್ ಫೋಟೋಸ್ ಚಾಲೂ ಇರುವಾಗ ಫೋನ್ ತುಂಬಿತೆಂದು ಚಿತ್ರ ಅಳಿಸಿದರೆ ಅದು ಕ್ಲೌಡ್‌ನಿಂದಲೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಸುಮಾರು 30 ದಿನ ಸಿಗುತ್ತದೆ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಚಿತ್ರಕ್ಕೆ 60 ದಿನ. ಉದ್ದದ ಪ್ರವಾಸದಲ್ಲಿ ಈ ಗಡುವು ಗಮನಕ್ಕೆ ಬಾರದೆ ಕಳೆದುಹೋಗುತ್ತದೆ. ಫೋನಿನಲ್ಲಿ ಜಾಗ ಬೇಕಾದರೆ ಚಿತ್ರಗಳನ್ನು ಒಂದೊಂದಾಗಿ ಅಳಿಸುವ ಬದಲು ಗೂಗಲ್ ಫೋಟೋಸ್‌ನ ‘ಫ್ರೀ ಅಪ್ ಸ್ಪೇಸ್’ ಬಳಸಿ, ಐಫೋನ್‌ನಲ್ಲಿ ‘ಆಪ್ಟಿಮೈಸ್ ಸ್ಟೋರೇಜ್’ ಆರಿಸಿ. ಇವು ಕ್ಲೌಡ್‌ನ ಪ್ರತಿಯನ್ನು ಮುಟ್ಟುವುದಿಲ್ಲ. ಆದರೆ ಆ ನಂತರ ಪೂರ್ಣ ಚಿತ್ರ ಕ್ಲೌಡ್‌ನಲ್ಲಿ ಮಾತ್ರ ಉಳಿಯುತ್ತದೆ ಎಂಬುದು ನೆನಪಿರಲಿ. ಡಿಸ್ಕಿಗೆ ನಕಲಿಸುವ ಕೆಲಸ ಅದಕ್ಕೂ ಮೊದಲೇ ಆಗಿರಬೇಕು.

ಕಡೆಯದಾಗಿ, ಖಾತೆಯೊಳಗೆ ಹೋಗುವ ದಾರಿ. ಎರಡು ಹಂತದ ಪರಿಶೀಲನೆ ಇಟ್ಟುಕೊಂಡವರ ಫೋನ್ ಕಳುವಾದರೆ ಗುಪ್ತಸಂಖ್ಯೆ ಬರುವುದೂ ಆ ಫೋನಿಗೇ. ಗೂಗಲ್ ಖಾತೆಯಲ್ಲಿ ತಲಾ ಎಂಟು ಅಂಕಿಗಳ ಹತ್ತು ಬ್ಯಾಕಪ್ ಕೋಡ್‌ಗಳನ್ನು ಮೊದಲೇ ಪಡೆಯಬಹುದು. ಅವನ್ನು ಕಾಗದದ ಮೇಲೆ ಬರೆದು ಫೋನಿನಿಂದ ದೂರ ಇಡಿ, ಒಂದು ಪ್ರತಿ ಮನೆಯಲ್ಲಿ ನಂಬಿಕಸ್ಥರ ಬಳಿ ಇರಲಿ. ಮತ್ತು ಏನೇ ಆದರೂ ಸಾರ್ವಜನಿಕ ಕಂಪ್ಯೂಟರಿನಲ್ಲಿ ಲಾಗಿನ್ ಆಗಬೇಡಿ, ಅದಕ್ಕೆ ನಿಮ್ಮ ಕಾರ್ಡ್ ಸಿಕ್ಕಿಸಬೇಡಿ. ಅನಿವಾರ್ಯವಾದರೆ ಎಸ್‌ಡಿ ಕಾರ್ಡ್‌ನ ಪಕ್ಕದ ಪುಟ್ಟ ಲಾಕ್ ಗುಂಡಿಯನ್ನು ಕೆಳಗೆ ಸರಿಸಿ. ಅದು ಬರೆಯಬೇಡ ಎಂದು ಯಂತ್ರಕ್ಕೆ ಕೊಡುವ ಸೂಚನೆ ಮಾತ್ರ, ಪೂರ್ಣ ಕವಚವಲ್ಲ.

ಇಂಟರ್ನೆಟ್ ಇಲ್ಲದ ದಿನಗಳು

ಕಾಡು, ಸಮುದ್ರಯಾನ, ಎತ್ತರದ ಚಾರಣ. ಇಲ್ಲಿ ಕ್ಲೌಡ್ ಲೆಕ್ಕಕ್ಕಿಲ್ಲ. ಎರಡು ಎಸ್‌ಎಸ್‌ಡಿ ಒಯ್ಯಿರಿ. ಒಂದು ನಿಮ್ಮ ಮೈಮೇಲಿನ ಜೇಬಿನಲ್ಲಿ, ಇನ್ನೊಂದು ಸಹಪ್ರಯಾಣಿಕರ ಚೀಲದಲ್ಲಿ. ಅವರ ಡಿಸ್ಕ್ ನಿಮ್ಮ ಚೀಲದಲ್ಲಿ. ಈ ವಿನಿಮಯಕ್ಕೆ ಖರ್ಚಿಲ್ಲ, ಫಲ ದೊಡ್ಡದು. ಒಬ್ಬರೇ ಹೋಗಿದ್ದರೆ ತುಂಬಿದ ಕಾರ್ಡ್‌ಗಳನ್ನು ನೀರು ತಾಗದ ಪುಟ್ಟ ಡಬ್ಬಿಯಲ್ಲಿ ಹಾಕಿ, ಮೈಗಂಟಿಸಿಕೊಳ್ಳುವ ಹಣದ ಪಟ್ಟಿಯಲ್ಲಿಡಿ. ಚೀಲ ಹೋದರೂ ಅವು ಉಳಿಯುತ್ತವೆ.

ವಿಮಾನದಲ್ಲಿ ಕಾರ್ಡ್ ಮತ್ತು ಡಿಸ್ಕ್ ಯಾವಾಗಲೂ ಕೈಚೀಲದಲ್ಲೇ ಇರಬೇಕು, ಒಪ್ಪಿಸುವ ಪೆಟ್ಟಿಗೆಯಲ್ಲಲ್ಲ. ತಪಾಸಣೆಯ ಎಕ್ಸ್‌ರೇ ಹಳೆಯ ಫಿಲಂ ರೀಲುಗಳಿಗೆ ಹಾನಿ ಮಾಡುತ್ತದೆ, ಮೆಮೊರಿ ಕಾರ್ಡ್‌ಗಳಿಗೆ ಮಾಡುವುದಿಲ್ಲ, ಆ ಚಿಂತೆ ಬಿಡಿ.

ಡಿಸ್ಕಿಗೆ ಪಾಸ್‌ವರ್ಡ್ ಹಾಕಬೇಕೇ? ಅದರಲ್ಲಿ ಗುರುತಿನ ಪತ್ರಗಳ ಪ್ರತಿ ಅಥವಾ ಖಾಸಗಿ ಚಿತ್ರಗಳಿದ್ದರೆ ಹಾಕಲೇಬೇಕು. ವಿಂಡೋಸ್‌ನ ಬಿಟ್‌ಲಾಕರ್, ಎಲ್ಲೆಡೆ ನಡೆಯುವ ವೆರಾಕ್ರಿಪ್ಟ್ ಇವೆ. ಆದರೆ ಹಾಗೆ ಬೀಗ ಹಾಕಿದ ಡಿಸ್ಕ್ ಅನ್ನು ಫೋನಿನಿಂದ ತೆರೆಯುವುದು ಕಷ್ಟ. ಬರೀ ದೃಶ್ಯಗಳ ಫೋಟೊ ಇರುವ ಡಿಸ್ಕನ್ನು ನಾನು ತೆರೆದೇ ಇಡುತ್ತೇನೆ. ಸಂಕಟದ ಹೊತ್ತಿನಲ್ಲಿ ಯಾವ ಯಂತ್ರದಿಂದಲಾದರೂ ತೆರೆಯಲು ಆಗುವುದು ನನಗೆ ಹೆಚ್ಚು ಮುಖ್ಯ.

ಅವಘಡ ಆದಾಗ

ಕಾರ್ಡ್ ಸಿಕ್ಕಿಸಿದಾಗ ಕ್ಯಾಮೆರಾ ಅಥವಾ ಕಂಪ್ಯೂಟರ್ ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳಿದರೆ ಒಪ್ಪಬೇಡಿ. ತಪ್ಪಾಗಿ ಫೋಟೊ ಅಳಿಸಿಬಿಟ್ಟರೆ ಆ ಕ್ಷಣವೇ ಆ ಕಾರ್ಡ್‌ನಲ್ಲಿ ಚಿತ್ರ ತೆಗೆಯುವುದನ್ನು ನಿಲ್ಲಿಸಿ, ಹೊರತೆಗೆದು, ಲಾಕ್ ಗುಂಡಿ ಸರಿಸಿ, ಬೇರೆಯಾಗಿಡಿ. ಸಾಮಾನ್ಯವಾಗಿ ಅಳಿಸುವುದೆಂದರೆ ಆ ಜಾಗ ಖಾಲಿ ಎಂದು ಪಟ್ಟಿಯಲ್ಲಿ ಗುರುತು ಹಾಕುವುದಷ್ಟೇ. ಚಿತ್ರದ ದತ್ತಾಂಶ ಅದರ ಮೇಲೆ ಹೊಸದು ಬರೆಯುವವರೆಗೆ ಅಲ್ಲೇ ಇರುತ್ತದೆ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಅಂಥ ಚಿತ್ರಗಳನ್ನು ಹುಡುಕಿ ಹೊರತೆಗೆಯಬಲ್ಲದು. ಸಿಕ್ಕ ಫೈಲ್‌ಗಳನ್ನು ಅದೇ ಕಾರ್ಡ್‌ಗೆ ಉಳಿಸದೆ ಬೇರೆ ಡಿಸ್ಕಿಗೆ ಉಳಿಸಿ. ಹಳೆಯ ಫೈಲ್ ಹೆಸರುಗಳು ಮರಳಿ ಸಿಗುವುದಿಲ್ಲ, ಚಿತ್ರಗಳು ಸಿಗಬಹುದು. ಎಸ್‌ಎಸ್‌ಡಿಯಿಂದ ಅಳಿಸಿದ್ದು ಮಾತ್ರ ಹೀಗೆ ಮರಳುವ ಸಾಧ್ಯತೆ ಕಡಿಮೆ. ‘ಟ್ರಿಮ್’ ಎಂಬ ವ್ಯವಸ್ಥೆ ಖಾಲಿ ಎಂದು ಗುರುತಾದ ಜಾಗವನ್ನು ಒಳಗೊಳಗೇ ಒರೆಸಿಬಿಡುತ್ತದೆ.

ಕಾರ್ಡ್ ನೀರಿಗೆ ಬಿದ್ದರೆ ಎದೆಗುಂದಬೇಡಿ, ಕಾರ್ಡ್‌ನ ಚಿಪ್ ಪ್ಲಾಸ್ಟಿಕ್‌ನೊಳಗೆ ಭದ್ರವಾಗಿರುತ್ತದೆ. ಉಪ್ಪುನೀರಾದರೆ ಶುದ್ಧ ನೀರಿನಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಮಾತ್ರ ರೀಡರ್‌ಗೆ ಹಾಕಿ. ತೋಯ್ದ ಕ್ಯಾಮೆರಾವನ್ನು ಚಾಲೂ ಮಾಡಿ ನೋಡುವ ಚಪಲ ಬೇಡ. ಮೊದಲು ಬ್ಯಾಟರಿ, ಆಮೇಲೆ ಕಾರ್ಡ್ ಹೊರಬರಲಿ.

ಮನೆಗೆ ಮರಳಿದ ಮೇಲೆ

ಊರು ಸೇರಿದ ದಿನವೇ ಕಾರ್ಡ್‌ಗಳನ್ನು ಫಾರ್ಮ್ಯಾಟ್ ಮಾಡಿ ಮುಂದಿನ ಕೆಲಸಕ್ಕೆ ಸಿದ್ಧಪಡಿಸುವ ಉತ್ಸಾಹ ಬೇಡ. ಮೊದಲು ಪ್ರವಾಸದ ಡಿಸ್ಕಿನಿಂದ ಮನೆಯ ಕಂಪ್ಯೂಟರಿಗೆ, ಅಲ್ಲಿಂದ ಮನೆಯ ಬ್ಯಾಕಪ್ ಡಿಸ್ಕಿಗೆ ಎಲ್ಲವೂ ಹೋಗಲಿ. ಫೈಲ್‌ಗಳ ಸಂಖ್ಯೆಯನ್ನು ಕಾರ್ಡ್‌ಗಳಲ್ಲಿರುವ ಫೈಲ್‌ಗಳ ಸಂಖ್ಯೆಯೊಡನೆ ದಿನದಿನದ ಫೋಲ್ಡರ್ ನೋಡಿ ತಾಳೆ ಹಾಕಿ. ಅರ್ಧಕ್ಕೆ ನಿಂತಿದ್ದ ಕ್ಲೌಡ್ ಅಪ್‌ಲೋಡ್ ಈಗ ಮುಗಿಸಿ. ಐಫೋನಿನಿಂದ ಕಂಪ್ಯೂಟರಿಗೆ ತೆಗೆದುಕೊಳ್ಳುವವರು ಫೋಟೊ ಸೆಟ್ಟಿಂಗ್‌ನಲ್ಲಿ ‘ಕೀಪ್ ಒರಿಜಿನಲ್ಸ್’ ಆರಿಸಿ, ಇಲ್ಲದಿದ್ದರೆ ಎಚ್‌ಇಐಸಿ (ಐಫೋನ್ ಫೋಟೊ ಉಳಿಸುವ ರೂಪ) ಚಿತ್ರಗಳು ದಾರಿಯಲ್ಲಿ ಜೆಪೆಗ್ ಆಗಿ ಬದಲಾಗಬಹುದು.

ಇಷ್ಟಾದ ನಂತರ ಫೋಟೊಗಳನ್ನು ಆರಿಸುವ, ತಿದ್ದುವ ಕೆಲಸ ಶುರು ಮಾಡಿ, ಕಾರ್ಡ್‌ಗಳು ಇನ್ನೂ ಹಾಗೆಯೇ ಇರಲಿ. ಪ್ರತಿಯೊಂದು ದಿನದ ಫೋಲ್ಡರನ್ನೂ ತೆರೆದು ನೋಡುವ ಹೊತ್ತಿಗೆ ಎಲ್ಲಾದರೂ ಕೆಟ್ಟ ಫೈಲ್ ಇದ್ದರೆ ಕಣ್ಣಿಗೆ ಬೀಳುತ್ತದೆ, ಅದರ ಮೂಲ ಆಗಲೂ ಕಾರ್ಡ್‌ನಲ್ಲಿ ಸಿಗುತ್ತದೆ. ಆ ನೋಟವೂ ಮುಗಿದ ಮೇಲೆ ಕಾರ್ಡ್‌ಗಳನ್ನು ಕಂಪ್ಯೂಟರಿನಲ್ಲಲ್ಲ, ಯಾವ ಕ್ಯಾಮೆರಾದಲ್ಲಿ ಬಳಸುತ್ತೀರೋ ಅದರಲ್ಲೇ ಫಾರ್ಮ್ಯಾಟ್ ಮಾಡಿ, ವಿಳಾಸ ಬರೆದ ಕಾಗದದ ಫೋಟೊವನ್ನು ಮತ್ತೆ ತೆಗೆದಿಡಿ.